ಸೋದರಮಾವನ ತೊಡೆ

ಹೊಸಪೇಟೆಯಿಂದ ತಿರುಪತಿಗೆ ಹೋಗುವ ಆ ಖಾಸಗಿ ಸ್ಲೀಪರ್ ಬಸ್ಸಿನ ಡಿಕ್ಕಿ ತುಂಬ ಒಣಮೆಣಸಿನಕಾಯಿ ಮೂಟೆಗಳಿದ್ದವು. ಹಾಗಾಗಿ ಪ್ರಯಾಣಿಕರು ಬ್ಯಾಗುಗಳನ್ನು ತಮ್ಮ ತಮ್ಮ ಬರ್ತಿನಲ್ಲೇ ಇಟ್ಟುಕೊಳ್ಳಬೇಕೆಂದು ಕಂಡಕ್ಟರ್ ಹೇಳಿದ. ವೆಂಕಿ, ಸೆಲ್ವರಾಜ್, ಮುನಿರಾಜ್ ಮೂವರ ಬೆನ್ನ ಮೇಲೂ ಒಂದೊಂದು ದೊಡ್ಡ ಬ್ಯಾಗಿತ್ತು. ಹಂಪಿ, ಆನೆಗುಂದಿ ಸುತ್ತುವುದಕ್ಕೆಂದೇ ಹೊಸದಾಗಿ ಕೊಂಡದ್ದು. ಒಂದೊಂದರೊಳಗೂ ಒಬ್ಬ ಸಣ್ಣ ಮನುಷ್ಯ ಮುದುರಿ ಕೂರಬಹುದಿತ್ತು.

“ಅಣ್ಣಾ, ಬ್ಯಾಗ್ ಒಳಗಿಟ್ರೆ ನಾವೆಲ್ಲಿ ಮಲಗೋದು?” ಎಂದು ಮುನಿರಾಜ್ ಕೇಳಿದ.

“ಅದರ ಮ್ಯಾಲ ಮಕ್ಕೋರಿ,” ಎಂದು ಕಂಡಕ್ಟರ್ ಮುಂದಿನವರ ಟಿಕೆಟ್ ನೋಡಲು ಹೋದ.

ಒಂಬತ್ತಕ್ಕೆ ಹೊರಡಬೇಕಿದ್ದ ಬಸ್ಸು ಹತ್ತೂವರೆಗೆ ಹೊರಟಿತು. ತಡವಾದದ್ದು ಉಳಿದಿಬ್ಬರಿಗೆ ಬರೀ ಕಿರಿಕಿರಿ, ವೆಂಕಿಗೆ ಹಾಗಲ್ಲ. ಮರುದಿನ, ಭಾನುವಾರ ಬೆಳಿಗ್ಗೆ ಎಂಟಕ್ಕೆ, ಬೇತಮಂಗಲದಲ್ಲಿ ಅವನ ಅಕ್ಕ ರಾಧಳ ಮಗನಿಗೆ ಮುಡಿ ತೆಗೆಸಿ ಕಿವಿ ಚುಚ್ಚಿಸುವ ಶಾಸ್ತ್ರವಿತ್ತು. ಎರಡಕ್ಕೂ ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ರಾಧಳಿಗೆ ಇರುವವನು ಒಬ್ಬನೇ ತಮ್ಮ. ಮಗುವಿನ ಹೊಸ ಬಟ್ಟೆ, ಕಿವಿಗೆ ಹಾಕುವ ಚಿನ್ನ, ಹಣ್ಣು, ಹೂವು ಎಲ್ಲವನ್ನೂ ತಾಯಿ ವರಲಕ್ಷ್ಮಮ್ಮ ಶನಿವಾರವೇ ಬೇತಮಂಗಲಕ್ಕೆ ಸಾಗಿಸಿದ್ದರು. ಇನ್ನು ತಲುಪಬೇಕಾಗಿದ್ದದ್ದು ವೆಂಕಿಯ ತೊಡೆ ಒಂದೇ.

ಪ್ರವಾಸ ಮೊದಲೇ ನಿಗದಿಯಾಗಿತ್ತು. ಶಾಸ್ತ್ರದ ದಿನವನ್ನು ರಾಧಳ ಮಾವ ಕೋದಂಡಪ್ಪ ಆಮೇಲೆ ಇಟ್ಟರು. ದಿನ ಬದಲಾಯಿಸಿ ಎಂದು ಕೇಳುವ ಮುಖ ವೆಂಕಿಗಿರಲಿಲ್ಲ. ನಾಮಕರಣದ ದಿನ ರಜೆ ಸಿಗದೆ ಅವನು ನೇರವಾಗಿ ಊಟದ ಪಂಕ್ತಿಗೇ ಹೋಗಿದ್ದ. ಅಂದಿನಿಂದ ಆ ಮನೆಯಲ್ಲಿ ‘ಊಟದ ಹೊತ್ತಿನ ಮಾವ’ ಎಂದೇ ಅವನ ಹೆಸರು. ರಾಧಳ ಓರಗಿತ್ತಿ ಶಶಿರೇಖಳಿಗೂ ಒಬ್ಬ ತಮ್ಮನಿದ್ದ. ಅವನು ಮಾತ್ರ ಯಾವ ಕಾರ್ಯಕ್ಕೂ ಹಿಂದಿನ ದಿನವೇ ಬಂದು ಚಪ್ಪರದ ಕಂಬ ನೆಡುವವನು.

ಮೂವರ ಸ್ನೇಹ ರೈಲಿನಲ್ಲಿ ಆದದ್ದು. ವೆಂಕಿ ಮತ್ತು ಮುನಿರಾಜ್ ಕ್ಯಾಸಂಬಳ್ಳಿ ಕಡೆಯವರು. ದಿನಾ ಒಂದೇ ಬೈಕಿನಲ್ಲಿ ಬಂಗಾರಪೇಟೆಗೆ ಬಂದು, ಬೈಕನ್ನು ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು ಬೆಂಗಳೂರು ಗಾಡಿ ಹತ್ತುತ್ತಿದ್ದರು. ಸೆಲ್ವರಾಜ್ ಊರಿಗಾಂನವನು, ಅಲ್ಲೇ ಹತ್ತಿ ಒಂದು ಟವೆಲ್, ಒಂದು ಊಟದ ಡಬ್ಬಿ ಇಟ್ಟು ಇಬ್ಬರಿಗೂ ಸೀಟು ಹಿಡಿದಿರುತ್ತಿದ್ದ. ವೆಂಕಿಗೆ ಹೂಡಿಯ ಕೊರಿಯರ್ ಗೋಡೌನಿನಲ್ಲಿ ಕೆಲಸ, ಮುನಿರಾಜನಿಗೆ ವೈಟ್‌ಫೀಲ್ಡಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಸೆಲ್ವರಾಜನಿಗೆ ಲಿಫ್ಟ್ ರಿಪೇರಿ. ರೈಲು ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಗಾಡಿಗಾಗಿ ನಿಲ್ಲುತ್ತದೆ ಎಂಬುದು ಮೂವರಿಗೂ ಬಾಯಿಪಾಠ. ಬಸ್ಸೆಂದರೆ ಮೂವರಿಗೂ ಅಷ್ಟಕ್ಕಷ್ಟೆ.

ಆ ರಾತ್ರಿ ಅಷ್ಟೂ ಉಳಿಯಲಿಲ್ಲ. ವೆಂಕಿ ಮತ್ತು ಸೆಲ್ವರಾಜನಿಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಜೋಡಿ ಬರ್ತು. ಪ್ರತಿ ಗುಂಡಿಗೂ ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದರು. ಎ.ಸಿ. ತೂತಿನ ಮುಚ್ಚಳ ಮುರಿದಿತ್ತು. ಅದರ ಗಾಳಿ ನೇರ ವೆಂಕಿಯ ಕಿವಿಗೆ ಬೀಳುತ್ತಿತ್ತು. ಸೆಲ್ವರಾಜ್ ತನ್ನ ಒಗೆಯದ ಕಾಲುಚೀಲವನ್ನು ಆ ತೂತಿಗೆ ತುರುಕಿದ. ಚಳಿ ನಿಂತಿತು. ಕಾಲುಚೀಲದ ನಾತ ಹೊತ್ತ ಗಾಳಿ ನಿಲ್ಲಲಿಲ್ಲ.

“ತೆಗಿಯಲಾ ಅದನ್ನ,” ಎಂದ ವೆಂಕಿ. “ಚಳೀಲಿ ಸಾಯ್ತೀನಿ, ಪರವಾಗಿಲ್ಲ.”

“ಸುಮ್ನೆ ಪಡ್ಕೊ ಪಾ. ಮೆಣಸಿನಕಾಯಿ ಘಾಟಿಗಿಂತ ಇದು ವಾಸಿ.”

ಅದೂ ನಿಜವೇ. ನೆಲದ ಸಂದಿನಿಂದ ಮೆಣಸಿನ ಘಾಟು ಮೇಲೇರಿ ಬಸ್ಸಿಗೆ ಬಸ್ಸೇ ಸೀನುತ್ತಿತ್ತು. ಕೆಳಗಿನ ಬರ್ತಿನಲ್ಲಿ ಮುನಿರಾಜನ ಪಕ್ಕದಲ್ಲಿದ್ದ ದಪ್ಪ ಮನುಷ್ಯನೊಬ್ಬ ಫೋನಿನಲ್ಲಿ ಜೋರಾಗಿ ಯಾರದೋ ಸೈಟಿನ ವ್ಯಾಪಾರ ಮಾತಾಡುತ್ತಿದ್ದ. ಮುನಿರಾಜ್ ತನ್ನ ಬ್ಯಾಗನ್ನು ತಬ್ಬಿಕೊಂಡು ಗೋಡೆಗೆ ಅಂಟಿದ್ದ.

ಚಿತ್ರದುರ್ಗ ದಾಟಿದ ಮೇಲೆ ಬಸ್ಸು ಒಂದು ಡಾಬಾದ ಮುಂದೆ ನಿಂತಿತು. ಹತ್ತು ನಿಮಿಷ ಎಂದ ಕಂಡಕ್ಟರ್. ಡ್ರೈವರ್ ಕೈ ತೊಳೆದು ಊಟಕ್ಕೆ ಕೂತ. ಆಮೇಲೆ ಹಗ್ಗದ ಮಂಚದ ಮೇಲೆ ಕಾಲು ಚಾಚಿದ. ಮುಕ್ಕಾಲು ಗಂಟೆಯಾದರೂ ಏಳಲಿಲ್ಲ. ಕೇಳಿದ್ದಕ್ಕೆ ಕಂಡಕ್ಟರ್, “ನಿದ್ದಿಗಣ್ಣಾಗ ಓಡ್ಸು ಅಂತೀರೇನು?” ಎಂದ.

ಅಷ್ಟರಲ್ಲಿ ರಾಧಳ ಫೋನು ಬಂತು.

“ಎಲ್ಲಿದ್ದೀಯಲಾ?”

“ಹಿರಿಯೂರ ಹತ್ರ ಅಕ್ಕ. ಬತ್ತಾ ಇದೀನಿ. ನೀನ್ಯಾಕೆ ಇನ್ನೂ ಎದ್ದಿದ್ದೀಯ?”

“ಮನೆ ತುಂಬ ಜನ, ಎಲ್ಲಿ ಮಲಗ್ಲಿ. ಹಿರಿಯೂರು ಅಂದ್ರೆ ಎಲ್ಲೋ ಐತಲ್ಲೋ ಅದು.” ಅವಳು ದನಿ ತಗ್ಗಿಸಿದಳು. “ನೋಡು, ನಮ್ಮ ಮಾವ ಏಳವ್ರೆ. ಎಂಟಕ್ಕೆ ನೀನಿಲ್ಲ ಅಂದ್ರೆ ಶಶಿರೇಖನ ತಮ್ಮನ್ನ ಕೂರಿಸ್ತಾರಂತೆ. ಅವ್ನು ಆಗ್ಲೇ ಪಂಚೆ ಇಸ್ತ್ರಿ ಮಾಡ್ಸಿ ಗೂಟಕ್ಕೆ ನೇತಾಕವ್ನೆ.”

“ಅವ್ನ್ಯಾರಕ್ಕ ಕೂರೋಕೆ?”

“ಅದನ್ನೇ ನಾನು ಅವ್ರಿಗೆ ಏಳ್ದೆ. ಇನ್ನೂ ಏನಾರ ಏಳಬೇಕು ಅಂದ್ರೆ ನೀನು ಇಲ್ಲಿರ್ಬೇಕು. ಈ ಸಲಾನೂ ನನ್ನ ತಲೆ ತಗ್ಗಿಸ್ಬೇಡ ಕಣ್ಲಾ. ನಾನು ಈ ಮನೇಲಿ ಬಾಳ್ಬೇಕು.”

ವೆಂಕಿ ಮಂಚದ ಹತ್ತಿರ ಹೋಗಿ ಡ್ರೈವರನ್ನು ಎಬ್ಬಿಸಿದ. ಡ್ರೈವರ್ ಒಂದು ಕಣ್ಣು ತೆರೆದು, ಮುಚ್ಚಿ, ಮತ್ತೆ ಹತ್ತು ನಿಮಿಷ ಬಿಟ್ಟು ಎದ್ದ.

ನೆಲಮಂಗಲದಲ್ಲಿ ಬೆಳಕಾಯಿತು. ಅಲ್ಲಿ ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳಿತು. ಹೆಬ್ಬಾಳ ದಾಟಿ ಕೆ.ಆರ್.ಪುರಂ ಹತ್ತಿರ ಬರುವಷ್ಟರಲ್ಲಿ ಆರು ಗಂಟೆ ಮೀರಿತ್ತು. ಕೋಲಾರಕ್ಕೆ ಎಷ್ಟು ಹೊತ್ತಿಗೆ ಎಂದು ಮುನಿರಾಜ್ ಕೇಳಿದ. “ಏಳೂಕಾಲು,” ಎಂದ ಕಂಡಕ್ಟರ್. ಹತ್ತು ನಿಮಿಷ ಎಂದದ್ದೂ ಇದೇ ಬಾಯಿ.

“ಇವನ್ನ ನಂಬ್ಕೊಂಡ್ರೆ ನಿನ್ನ ಅಳಿಯನ ಮದುವೇಗೆ ಓಗ್ತೀವಿ,” ಎಂದ ಸೆಲ್ವರಾಜ್, ಕಣ್ಣುಜ್ಜಿಕೊಳ್ಳುತ್ತ. “ಡೇ, ಇಲ್ಲೇ ಇಳಿಯೋಣ. ದಿನಾ ವೈಟ್‌ಫೀಲ್ಡ್ ಹತ್ರ ನಮ್ಗೆ ಎದುರಿಗೆ ಒಂದು ಗಾಡಿ ಬರುತ್ತಲ್ಲ?”

“ಮಾರಿಕುಪ್ಪಂದು,” ಎಂದ ಮುನಿರಾಜ್. “ಖಾಲಿ ಖಾಲಿ ಓಗುತ್ತಲ್ಲ, ಅದು.”

“ಅದೇ. ಅದು ಕೆ.ಆರ್.ಪುರಂನಾಗೆ ಆರೂಮುಕ್ಕಾಲಿಗೆ. ಬಂಗಾರಪೇಟೇಲಿ ಇಳ್ದು ಸ್ಟ್ಯಾಂಡಲ್ಲಿರೋ ನಿಮ್ಮ ಬೈಕ್ ತಗೊಂಡ್ರೆ ಎಂಟಕ್ಕೆ ಬೇತಮಂಗಲ. ಮಲ್ಕೊಂಡು ಓಗ್ಬೋದು, ಅಷ್ಟು ಖಾಲಿ.”

ವೆಂಕಿ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಸರಿಯಾಗಿತ್ತು. ಆ ಗಾಡಿಯನ್ನು ಅವನು ಎಷ್ಟು ಸಲ ಕಿಟಕಿಯಿಂದ ನೋಡಿದ್ದನೆಂದರೆ, ಅದರ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವ ಮುದುಕನ ಮುಖವೂ ಪರಿಚಯವಾಗಿತ್ತು. ಅದು ತಡವಾಗಿ ಬಂದದ್ದು ಅಪರೂಪ. ಈ ಬಸ್ಸು ಹೊತ್ತಿಗೆ ಸರಿಯಾಗಿ ಮಾಡಿದ್ದು ಒಂದೂ ಇರಲಿಲ್ಲ.

“ಇಳಿಸಿ ಅಣ್ಣಾ,” ಎಂದ.

“ಕೋಲಾರ ತನಾ ರೊಕ್ಕ ಕೊಟ್ಟೀರಿ,” ಎಂದ ಕಂಡಕ್ಟರ್, ನಿಜವಾಗಿಯೂ ಆಶ್ಚರ್ಯಪಟ್ಟು. “ಕುಂದರ್ರಿ, ಇನ್ನ ರಸ್ತೆ ಖಾಲಿ ಐತಿ.”

ಇಳಿದರು. ಬ್ಯಾಗು ಹೊತ್ತು ತೂಗುಸೇತುವೆಯ ಕೆಳಗೆ ಓಡಿದರು. ಪ್ಲಾಟ್‌ಫಾರಂಗೆ ಬಂದಾಗ ಇನ್ನೂ ಸಮಯವಿತ್ತು. ಸೆಲ್ವರಾಜ್ ನಲ್ಲಿಯಲ್ಲಿ ಮುಖ ತೊಳೆದು, ಬೆಂಚಿನ ಮೇಲೆ ಕಾಲು ಚಾಚಿ, “ಇದು ಪಾ ಜೀವನ,” ಎಂದ. ಮುನಿರಾಜ್ ಟಿಕೆಟ್ ತರಲು ಹೋದ. ಪ್ಲಾಟ್‌ಫಾರಂ ಮೇಲೆ ಜನ ಇರಲಿಲ್ಲ. ಖಾಲಿ ಗಾಡಿ ಅಲ್ಲವೇ, ಇರುವುದಿಲ್ಲ ಎಂದುಕೊಂಡ ವೆಂಕಿ.

ಮುನಿರಾಜ್ ಬರಿಗೈಯಲ್ಲಿ ವಾಪಸ್ ಬಂದ.

“ಇವತ್ತು ಇಲ್ವಂತೆ.”

“ಏನು ಇಲ್ವಂತೆ?”

“ಗಾಡಿ. ಭಾನುವಾರ ಓಡಲ್ವಂತೆ.”

“ಯಾವಾಗಿಂದ?”

“ನಾನೂ ಅದನ್ನೇ ಕೇಳ್ದೆ. ಯಾವತ್ತೂ ಓಡಿಲ್ಲ ಅಂದ್ರು ಕೌಂಟರಲ್ಲಿ.” ಮುನಿರಾಜ್ ಬ್ಯಾಗನ್ನು ನೆಲಕ್ಕೆ ಬಿಟ್ಟ. “ಭಾನುವಾರ ನಾವ್ಯಾವತ್ತು ರೈಲಿಗೆ ಬಂದಿದ್ವಿ?”

ವಾರದ ಆರು ದಿನ ಅವರಿಗೆ ಆ ಹಳಿಯ ಪ್ರತಿ ಗಾಡಿಯೂ ಗೊತ್ತಿತ್ತು. ಏಳನೆಯ ದಿನ ಅವರು ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು.

ಕಂಡಕ್ಟರನ ನಂಬರು ಫೋನಿನಲ್ಲಿತ್ತು. ವೆಂಕಿ ಕರೆ ಮಾಡಿದ. ಕಂಡಕ್ಟರ್ ತಕ್ಷಣವೇ ಎತ್ತಿಕೊಂಡ. ರಾತ್ರಿಯೆಲ್ಲ ಇಲ್ಲದ ಸೌಜನ್ಯ ಅವನ ದನಿಯಲ್ಲಿತ್ತು. “ಹೊಸಕೋಟಿ ದಾಟೇವ್ರಿ,” ಎಂದ. “ಭಾಳ ಛಲೋ ಹೊಂಟೈತಿ. ನರಸಾಪುರದಾಗ ಚಾ ಕುಡಿಯಾಕ ನಿಲ್ಲಿಸ್ತೀವಿ. ಬರ್ತೀರೇನು?”

ಸರ್ಕಾರಿ ಬಸ್ಸು ಸಿಕ್ಕಿ, ಬಾಗಿಲ ಬಳಿ ನಿಂತು, ಕೋಲಾರದಲ್ಲಿ ಇಳಿದಾಗ ಎಂಟು ದಾಟಿತ್ತು. ದಾರಿಯುದ್ದಕ್ಕೂ ಬಸ್ಸಿನವರೆಲ್ಲ ಮೂವರ ಬ್ಯಾಗುಗಳನ್ನು ಬೈದರು. ರಾಧಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ತಾಯಿಗೆ ಮಾಡಿದಾಗ ಅವರು ಎತ್ತಿ, ಹಿಂದೆ ಗದ್ದಲ ಕೇಳುತ್ತಿರುವಂತೆಯೇ, “ಮುಡಿಗೆ ಕತ್ತರಿ ಇಟ್ರು ಕಣಪ್ಪ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

“ಓಗ್ಲಿ ಬುಡು,” ಎಂದ ವೆಂಕಿ. “ಇನ್ನು ಓದ್ರೂ ಅದೇ, ಬುಟ್ರೂ ಅದೇ. ಊಟಕ್ಕೆ ಓದಂಗಾಯ್ತದೆ.”

“ಕಿವಿ ಇನ್ನೂ ಐತಲ್ಲ,” ಎಂದ ಮುನಿರಾಜ್. “ಮುಡಿ ತೆಗೆದು, ಸ್ನಾನ ಮಾಡ್ಸಿ, ಆಮೇಲೆ ತಾನೇ ಕಿವಿ? ನಡಿ.”

ಸೆಲ್ವರಾಜ್ ಆಗಲೇ ರಸ್ತೆಯ ಮಧ್ಯಕ್ಕೆ ಹೋಗಿ, ಮಾರ್ಕೆಟ್ಟಿಗೆ ಟೊಮೆಟೊ ಇಳಿಸಿ ಬೇತಮಂಗಲದ ಮೇಲೆ ಆಂಧ್ರದ ವಿ.ಕೋಟೆಗೆ ಖಾಲಿ ವಾಪಸಾಗುತ್ತಿದ್ದ ಟೆಂಪೊಗೆ ಕೈ ಅಡ್ಡ ಹಿಡಿದಿದ್ದ. ಡ್ರೈವರ್ ತೆಲುಗಿನವನು. ವೆಂಕಿ ತೆಲುಗಿನಲ್ಲಿ, ಅಕ್ಕನ ಮಗನ ಕಿವಿ ಚುಚ್ಚುವ ಶಾಸ್ತ್ರ, ನಾನೇ ಮೇನಮಾವ, ಎಂದ. ಅಷ್ಟು ಸಾಕಾಯಿತು. “ಮೇನಮಾವ ಇಷ್ಟೊತ್ತಿಗೆ ಇಲ್ಲೇನು ಮಾಡ್ತಿದ್ದೀಯ?” ಎಂದು ತನ್ನ ಭಾಷೆಯಲ್ಲಿ ಬೈದು, ಹಿಂದೆ ಹತ್ತಿಸಿಕೊಂಡ. ಖಾಲಿ ಕ್ರೇಟುಗಳ ನಡುವೆ, ಕೊಳೆತ ಟೊಮೆಟೊ ರಸದ ಮೇಲೆ ಕಾಲು ಜಾರುತ್ತ ಮೂವರೂ ಬೇತಮಂಗಲದವರೆಗೆ ನಿಂತೇ ಬಂದರು. ರಾತ್ರಿಯ ಬಸ್ಸಿಗಿಂತ ಅದು ಎಷ್ಟೋ ಆರಾಮವಾಗಿತ್ತು ಎಂದು ಸೆಲ್ವರಾಜ್ ಹೇಳಿದ.

ಕೋದಂಡಪ್ಪನವರ ಮನೆಯ ಮುಂದಿನ ಚಪ್ಪರದಲ್ಲಿ ಜನ ತುಂಬಿದ್ದರು, ಆದರೆ ಮಾತು ಕಡಿಮೆ ಇತ್ತು. ಶಶಿರೇಖಳ ತಮ್ಮ ಒಂದು ಕುರ್ಚಿಯ ಮೇಲೆ ಕೂತಿದ್ದ. ಅವನ ಇಸ್ತ್ರಿ ಪಂಚೆಯ ಮೇಲೆ ಮಗುವಿನ ಕಪ್ಪು ಕೂದಲು ಅಂಟಿತ್ತು. ಮುಡಿ ಮುಗಿದುಹೋಗಿತ್ತು.

ನಡುವೆ ಚಾಪೆಯ ಮೇಲೆ ಅಕ್ಕಸಾಲಿ ಆಚಾರಿ ಚಿನ್ನದ ತಂತಿ, ಬಟ್ಟಲಲ್ಲಿ ಅರಿಸಿನ ಇಟ್ಟುಕೊಂಡು ಟೀ ಕುಡಿಯುತ್ತಿದ್ದ. ಅವನ ಪಕ್ಕದಲ್ಲಿ ಎರಡು ಖಾಲಿ ಲೋಟ ಆಗಲೇ ಇದ್ದವು. ಅವನಿಗೆ ಬೆನ್ನು ಮಾಡಿ ರಾಧ ಕೂತಿದ್ದಳು. ತಲೆಗೆ ಗಂಧ ಬಳಿದ ಮಗುವನ್ನು ಸೆರಗಿನೊಳಗೆ ಹಾಕಿಕೊಂಡು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

“ಬಂದ್ಯೇನಪ್ಪಾ,” ಎಂದರು ಕೋದಂಡಪ್ಪ. “ನಿಮ್ಮಕ್ಕ ಅರ್ಧ ಗಂಟೆಯಿಂದ ಮಗೂನ ಯಾರ ಕೈಗೂ ಕೊಡ್ತಾ ಇಲ್ಲ. ನಾನು ಏಳಿದೆ, ನಿಮ್ಮತ್ತೆ ಏಳಿದ್ರು, ಆಚಾರಿ ಏಳಿದ. ಮುಡೀನ ಕಿತ್ಕೊಂಡ್ರಿ, ಕಿವೀನ ಕೊಡಲ್ಲ ಅಂತಾಳೆ.”

“ರೈಲು ಭಾನುವಾರ ಓಡಲ್ವಂತೆ ಮಾವ,” ಎಂದ ವೆಂಕಿ. “ಬಸ್ಸು ಬೇರೆ...”

“ರೈಲಿನ ಮಾತು ಯಾರು ಕೇಳಿದ್ರು?” ಎಂದಳು ರಾಧ, ತಿರುಗದೆಯೇ. ಅವಳ ದನಿ ಅತ್ತು ಮುಗಿದವರ ದನಿಯಂತಿತ್ತು. “ಆ ಮೂಟೆ ಇಳಿಸು. ಕಾಲ್ಮೇಲೆ ನೀರು ಉಯ್ಕೊಂಡು ಬಾ.”

ವರಲಕ್ಷ್ಮಮ್ಮ ಚೆಂಬು ತಂದರು. ವೆಂಕಿಯ ಕಾಲಿನಿಂದ ಟೊಮೆಟೊ ಸಿಪ್ಪೆ, ಹಂಪಿಯ ಧೂಳು ಎಲ್ಲ ಒಟ್ಟಿಗೆ ಹರಿದುಹೋಯಿತು. ಬಟ್ಟೆಯಲ್ಲಿದ್ದ ಮೆಣಸಿನ ಘಾಟು ಹೋಗಲಿಲ್ಲ. ಹತ್ತಿರ ಕೂತಿದ್ದ ಇಬ್ಬರು ಹೆಂಗಸರು ಸೀನಿದರು. ಶಶಿರೇಖಳ ತಮ್ಮ ಎದ್ದು ಒಂದು ಒಗೆದ ಟವೆಲ್ ತಂದು, “ತೊಡೆ ಮೇಲೆ ಆಕ್ಕೊ ಅಣ್ಣ, ಮಗೂಗೆ ಮೆಣಸಿನ ಖಾರ ತಗಲುತ್ತೆ,” ಎಂದು ಕೊಟ್ಟ. ವೆಂಕಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಅವಕಾಶವೂ ಹೋಯಿತು.

ಅವನು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ರಾಧ ತಿರುಗಿ ಮಗುವನ್ನು ಅವನ ತೊಡೆಯ ಮೇಲೆ ಇಟ್ಟಳು. ಇಡುವಾಗ ಅವನ ಮುಖ ನೋಡಿದಳು. ಆ ನೋಟಕ್ಕಿಂತ ಅವನಿಗೆ ಬೈಗುಳವೇ ವಾಸಿ ಅನ್ನಿಸಿತು.

“ತಲೆ ಗಟ್ಟಿಯಾಗಿ ಇಡ್ಕೊಳ್ಳಪ್ಪ,” ಎಂದ ಆಚಾರಿ, ಲೋಟ ಕೆಳಗಿಟ್ಟು.

ತಂತಿ ಚುಚ್ಚಿದ ಕ್ಷಣ ಮಗು ಉಸಿರು ಕಟ್ಟಿ, ಆಮೇಲೆ ಚಪ್ಪರ ಹಾರುವಂತೆ ಕಿರುಚಿತು. ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಕೊಸರಿ, ಅವನ ಎದೆಗೆ ಒದೆಯಿತು. ವೆಂಕಿಯ ಕೈ ಸಡಿಲವಾಯಿತು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳಲು ಹೋದ.

ರಾಧ ಬಗ್ಗಿ ಅವನ ಎರಡು ಕೈಗಳ ಮೇಲೆ ತನ್ನ ಕೈ ಇಟ್ಟು ಒತ್ತಿದಳು.

“ಇನ್ನೊಂದು ಕಿವಿ ಐತೆ,” ಎಂದಳು. “ಕೈ ಬುಡ್ಬೇಡ.”