ಕಲ್ಯಾಣಿಯವರ ಕಪ್ಪು ಗಾಜು

ಅನಂತರಾಮು ಬೀರುವಿನ ಕೊನೆಯ ಡ್ರಾಯರನ್ನೂ ಎಳೆದು ಮಂಚದ ಮೇಲೆ ಸುರಿದರು. ಫೋಟೊಗಳೇನೋ ಬೇಕಾದಷ್ಟಿದ್ದವು. ಎಲ್ಲದರಲ್ಲೂ ಕಡಲು. ಹಾಲು ಚೆಲ್ಲಿದ ಹಾಗೆ ಹರಡಿದ ಕಡಲು, ಹೊಗೆಯ ಹಾಗೆ ಬಂಡೆಗಳನ್ನು ಸುತ್ತಿಕೊಂಡ ಕಡಲು. ಅವನ್ನೆಲ್ಲ ತೆಗೆದ ಹೆಂಡತಿ ಕಲ್ಯಾಣಿ ಮಾತ್ರ ಒಂದರಲ್ಲೂ ಇರಲಿಲ್ಲ. ಆಕೆ ಹೊರಗೆ ಪೋರ್ಟಿಕೊದಲ್ಲಿ, ಚಾಪೆಯ ಮೇಲೆ, ಹಸಿರು ರೇಷ್ಮೆ ಸೀರೆಯಲ್ಲಿ ಮಲಗಿದ್ದರು. ನಿದ್ದೆಯಲ್ಲೇ ಹೃದಯ ನಿಂತುಹೋಗಿತ್ತು. ಬನಶಂಕರಿಯ ಚಿತಾಗಾರಕ್ಕೆ ಒಯ್ಯುವ ಗಾಡಿ ಜಯನಗರ ದಾಟುತ್ತಿದೆ ಎಂದು ಆಗಲೇ ಫೋನು ಬಂದಿತ್ತು.

"ಮದುವೆ ಫೋಟೊ ಇದೆಯಲ್ಲೋ," ಎಂದರು ಬಾಗಿಲಲ್ಲಿ ನಿಂತಿದ್ದ ಅಕ್ಕ ಅಮ್ಮಣ್ಣಿ.

"ಅದರಲ್ಲಿರೋರು ಬೇರೆ ಯಾರೋ ಅಕ್ಕ. ನಂಗೆ ಈಗಿನವಳು ಬೇಕು. ಪಕ್ಕದಲ್ಲಿ ನಾನಿರಬೇಕು."

ಅಂಥದ್ದೊಂದು ಫೋಟೊಗೆ ಹಿಂದೆ ಪ್ರಯತ್ನವೂ ನಡೆದಿತ್ತು.

*

ಕಲ್ಯಾಣಿ ಕ್ಯಾಮೆರಾ ಹಿಡಿದದ್ದು ಅರವತ್ತು ದಾಟಿದ ಮೇಲೆ. ಹುಳಿಮಾವು ಕೆರೆ ಏರಿಯ ಮೇಲೆ ಭಾನುವಾರ ಸೇರುತ್ತಿದ್ದ ಫೋಟೊ ಹುಚ್ಚಿನವರ ಗುಂಪಿನಲ್ಲಿ ದಿನೇಶ್ ಸಿಕ್ಕಿದ. ಅಲ್ಲಿಯವನೇ, ಅಜ್ಜ ಉಳುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳು. ಕಪ್ಪು ಫಿಲ್ಟರನ್ನು ಇಬ್ಬರೂ ಒಟ್ಟಿಗೇ ಕೊಂಡರು, ಒಟ್ಟಿಗೇ ಫೋಟೊ ಕೆಡಿಸಿದರು. ಲೆನ್ಸಿಗೆ ತೊಡಿಸುವ ಕೂಲಿಂಗ್ ಗ್ಲಾಸ್ ಅಂತಲೇ ಇಟ್ಟುಕೊಳ್ಳಿ. ಬೆಳಕು ಅದರೊಳಗಿಂದ ಹನಿಹನಿಯಾಗಿ ಇಳಿಯುವುದರಿಂದ ಹಗಲಲ್ಲೂ ಒಂದೇ ಫೋಟೊವನ್ನು ನಿಮಿಷಗಟ್ಟಲೆ ತೆಗೆಯಬಹುದು. ಅಷ್ಟರಲ್ಲಿ ಅಲೆಗಳು ಮಂಜಾಗುತ್ತವೆ, ಕದಲದ್ದು ಮಾತ್ರ ಉಳಿಯುತ್ತದೆ.

ಮೊದಲ ಸಲ ಕಾಪುವಿನ ಕಡಲಿಗೆ ಹೋದಾಗ ಗಾಜು ಹಾಕಿಬಿಟ್ಟು ಆಮೇಲೆ ಫೋಕಸ್ ಮಾಡಲು ಹೊರಟರು. ಏನೂ ಕಾಣದೆ, ರಾಗಿ ಗಂಜಿಯಂಥ ಚಿತ್ರಗಳನ್ನು ಹೊತ್ತು ಬಂದರು. ಮೊದಲು ಕಣ್ತುಂಬ ನೋಡಿಕೊಳ್ಳಬೇಕು, ಆಮೇಲೆ ಕತ್ತಲೆ ಹಾಕಬೇಕು ಎಂದು ಕಲ್ಯಾಣಿ ತಮಗೆ ತಾವೇ ಪಾಠ ಹೇಳಿಕೊಂಡರು. ಮುಂದಿನ ಸಲ ಕ್ಯಾಮೆರಾದ ಹಿಂದೆ ಕಣ್ಣಿಟ್ಟು ನೋಡುವ ಕಿಂಡಿಯಿಂದ ಬಿಸಿಲು ನುಗ್ಗಿ ಫೋಟೊಗೆ ನೇರಳೆ ಬರೆ ಬಿತ್ತು. ಅಂದಿನಿಂದ ಅವರು ಆ ಕಿಂಡಿಗೆ ಸೆರಗು ಮುಚ್ಚಿ ಹಿಡಿದೇ ನಿಲ್ಲುತ್ತಿದ್ದರು.

ಕೈ ಪಳಗಿದ ಮೇಲೆ ಗಂಡನನ್ನೂ ಕರೆದೊಯ್ದರು. ಅನಂತರಾಮು ಪಿ.ಟಿ. ಮೇಷ್ಟ್ರಾಗಿದ್ದವರು. ಊಟದ ನಡುವೆ ಎದ್ದು ನಲ್ಲಿ ಬಿಗಿಮಾಡಿ ಬರುವಂಥವರು. ಕ್ಯಾಮೆರಾವನ್ನು ದಿನೇಶನಿಗೆ ಒಪ್ಪಿಸಿ ಕಲ್ಯಾಣಿ ಬಂಡೆಯ ಮೇಲೆ ಗಂಡನ ಪಕ್ಕ ಕೂತರು. ನಾಲ್ಕು ನಿಮಿಷ ಅಲ್ಲಾಡುವ ಹಾಗಿರಲಿಲ್ಲ. ಅಲೆಯೊಂದು ಪ್ಯಾಂಟು ನೆನೆಸಿದ್ದೇ ತಡ, ಮೇಷ್ಟ್ರು ಎದ್ದುಹೋಗಿ ಚುರುಮುರಿ ಕಟ್ಟಿಸಿಕೊಂಡು ಬಂದರು. ಫೋಟೊದಲ್ಲಿ ಬಂಡೆ ಚೂಪಾಗಿ ಬಂತು. ಮೇಷ್ಟ್ರು ಇರಲೇ ಇಲ್ಲ. ನಕ್ಕು ನಕ್ಕು ಕುಲುಕಿದ ಕಲ್ಯಾಣಿ ಬಿಳಿ ಹೊಗೆಯಾಗಿದ್ದರು.

"ಊರ ಮಕ್ಳಿಗೆಲ್ಲ ಅಟೆನ್ಷನ್ ಹೇಳ್ಕೊಟ್ಟೋರು ನೀವು," ಎಂದರು ಚುರುಮುರಿ ತಿನ್ನುತ್ತ. "ಇರಲಿ ಬಿಡಿ. ಒಂದಿನ ನಿಲ್ಲಿಸ್ತೀನಿ ನಿಮ್ಮನ್ನ."

*

ದಿನೇಶ್ ಹಾರ ಹಿಡಿದು ಗೇಟಿನೊಳಗೆ ಬಂದ. ಅದನ್ನು ಹಾಕಿ, ಕೈಮುಗಿದು ಏಳುವಷ್ಟರಲ್ಲಿ ಅನಂತರಾಮು ಕಲ್ಯಾಣಿಯ ಕ್ಯಾಮೆರಾ ಚೀಲವನ್ನು ಅವನ ಎದೆಗೆ ಒತ್ತಿದರು.

"ಅವಳ ಗಾಜು ಹಾಕಿ ತೆಗಿ."

"ಮೊಬೈಲಲ್ಲಿ ತೆಗೀತೀನಿ ಮೇಷ್ಟ್ರೇ. ಜನ ಓಡಾಡ್ತಾವ್ರೆ."

"ಅದಕ್ಕೇ ಗಾಜು ಹಾಕು ಅಂದಿದ್ದು."

ಹೆಣದ ಮುಂದೆ ಸ್ಟ್ಯಾಂಡು ನಿಲ್ಲಿಸಿದರೆ ನೋಡಿದವರು ಏನಂದುಕೊಂಡಾರು ಎಂದು ಅಮ್ಮಣ್ಣಿ ಗೊಣಗಿದರು. ಗಾಡಿ ಬಂದು ಗೇಟಿಗೆ ನಿಂತಿತು. ಪುರೋಹಿತ ಮಾಧವ ಗಡಿಯಾರ ನೋಡಿಕೊಂಡ. ಅನಂತರಾಮು ಹೋಗಿ ಹೆಂಡತಿಯ ತಲೆಯ ಬಳಿ ಕೂತು, ಹಣೆಯ ಮೇಲೆ ಕೈ ಇಟ್ಟರು.

ದಿನೇಶ್ ಮೊದಲು ಕಣ್ತುಂಬ ನೋಡಿದ. ಆಮೇಲೆ ಗಾಜು ತಿರುಗಿಸಿದ.

"ನಾಲ್ಕು ನಿಮಿಷ, ಮೇಷ್ಟ್ರೇ."

"ಗೊತ್ತು."

ಜನ ಬಂದರು, ಬಾಯಿಗೆ ತುಳಸಿ ನೀರು ಬಿಟ್ಟರು, ಪ್ರದಕ್ಷಿಣೆ ಬಂದು ಹೋದರು. ಪಕ್ಕದ ಮನೆಯ ಶಾಂತವೀರಪ್ಪ ಬಗ್ಗಿ ಹೇಗಾಯಿತೆಂದು ಕೇಳಿದರು, ಉತ್ತರ ಸಿಗದೆ ಸರಿದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಇರುವೆಯೊಂದು ಮೇಷ್ಟ್ರ ಕಾಲು ಹತ್ತಿತು. ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಬಿಸಿಲು ಜಾರಿ ಕ್ಯಾಮೆರಾದ ಬೆನ್ನಿಗೆ ಬಿತ್ತು. ದಿನೇಶ್ ಕರವಸ್ತ್ರಕ್ಕಾಗಿ ಜೇಬು ತಡಕಿದ. ಸಿಗಲಿಲ್ಲ.

ಅಮ್ಮಣ್ಣಿ ಮುಂದೆ ಬಂದು ಆ ಕಿಂಡಿಗೆ ತಮ್ಮ ಸೆರಗು ಮುಚ್ಚಿ ಹಿಡಿದರು.

"ಹಿಂಗೇ ಅಲ್ವೇನಪ್ಪಾ ಅವಳು ಹಿಡ್ಕೋತಿದ್ದಿದ್ದು," ಎಂದರು ಮೆಲ್ಲಗೆ. "ತಾರಸಿ ಮೇಲೆ ನೋಡಿದ್ದೆ."

ನಾಲ್ಕು ನಿಮಿಷ ಮುಗಿದು ಕ್ಯಾಮೆರಾ ಕ್ಲಿಕ್ಕೆಂದಿತು. ಗಂಡಸರು ಚಟ್ಟ ತಂದು ಚಾಪೆಯ ಪಕ್ಕ ಇಟ್ಟರು. ಅಮ್ಮಣ್ಣಿ ಸೆರಗು ಸರಿಸಿ ಪುಟ್ಟ ಪರದೆಗೆ ಬಗ್ಗಿದರು. ಬಂದುಹೋದ ಅಷ್ಟೂ ಜನ ಪೋರ್ಟಿಕೊ ತುಂಬ ತೆಳು ಮಂಜಾಗಿ ಹರಡಿದ್ದರು. ನಡುವೆ ಕಲ್ಯಾಣಿ, ಸೀರೆಯ ಜರಿ ಎಳೆಎಳೆಯಾಗಿ ಕಾಣುವಷ್ಟು ಸ್ಪಷ್ಟ. ತಲೆಯ ಬಳಿ ಮೇಷ್ಟ್ರು, ಕಾಪುವಿನ ಬಂಡೆಯ ಹಾಗೆ. ಅವರ ಹೆಬ್ಬೆರಳೊಂದು ಮಾತ್ರ ಮಸುಕಾಗಿತ್ತು, ಅವಳ ಹಣೆಯ ಮೇಲೆ, ನರೆಗೂದಲು ಶುರುವಾಗುವ ಕಡೆ.