ಯಾವ ವರ್ಷದ ಮಾತು?

"ಮಗಳನ್ನ ಸಾಯಿಸಬೇಕು ಅಂತಿದ್ರೆ ಬಾವಿಗೆ ತಳ್ಳೋ! ಬಸ್ ಚಾರ್ಜಾದ್ರೂ ಉಳೀತದೆ!"

ಸೋಮಶೇಖರಪ್ಪನ ಕೂಗು ಚೌಳಹಿರಿಯೂರಿನ ಆ ಬೀದಿಯ ಕೊನೆಯವರೆಗೂ ಕೇಳಿತು. ತಮ್ಮ ತೀರ್ಥಪ್ಪ ತಲೆ ತಗ್ಗಿಸಿ ಕೂತಿದ್ದ. ಅದು ಎಪ್ಪತ್ತೆಂಟನೇ ಇಸವಿ. ತೀರ್ಥಪ್ಪನ ಮಗಳು ಮಲ್ಲಿಕಾಂಬಳಿಗೆ ಲಕ್ಕವಳ್ಳಿಯಾಚೆಯ ಕಾಡಂಚಿನ ಹಳ್ಳಿಯೊಂದರ ಶಾಲೆಗೆ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಸೋಮವಾರದೊಳಗೆ ಹೋಗಿ ಸೇರದಿದ್ದರೆ ಕೆಲಸ ಕೈತಪ್ಪುತ್ತಿತ್ತು.

"ಭಾವ, ಎರಡು ವರ್ಷ ಕಾದು ಸಿಕ್ಕಿರೋ ಕೆಲಸ," ಎಂದಳು ತಾಯಿ ಸಾವಿತ್ರಮ್ಮ.

"ಆ ಸೀಮೇಗೆ ಕೊಟ್ಟ ನಮ್ಮಕ್ಕ ಗುರುಶಾಂತಮ್ಮ ಏನಾದ್ಲು? ಚಳಿಜ್ವರ, ಹೊಟ್ಟೇಲಿ ಗಡ್ಡೆ. ಆರೇ ತಿಂಗಳಿಗೆ ಹೋಗ್ಬಿಟ್ಲು. ಹೆಣ್ಣು ನುಂಗೋ ಊರು ಕಣಮ್ಮಾ ಅದು!"

ಸಾವಿತ್ರಮ್ಮ ಮದುವೆಯಾಗಿ ಬಂದಾಗಿನಿಂದ ಈ ಮಾತು ಕೇಳಿದ್ದಳು. ಯಾವ ಕಾಲದ್ದೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಅಷ್ಟರಲ್ಲಿ ಮಲೇರಿಯಾ ಕೆಲಸದ ಗಿಡ್ಡಪ್ಪ ಬಂದ. ಮನೆಮನೆಗೆ ಬಂದು, ಜ್ವರ ಇದ್ದವರ ಬೆರಳು ಚುಚ್ಚಿ ರಕ್ತ ತೆಗೆದು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಕು ಬರೆದುಹೋಗುವವನು. ಹೋದ ತಿಂಗಳವರೆಗೂ ಲಕ್ಕವಳ್ಳಿ ಕಡೆಯೇ ಕೆಲಸದಲ್ಲಿದ್ದ.

"ನೀನೇ ಹೇಳಪ್ಪಾ, ಆ ಊರು ಹೆಂಗಿದೆ?" ಎಂದು ಸಾವಿತ್ರಮ್ಮ ಕೇಳಿದಳು.

"ಅಪಾಯ ಇಲ್ಲ ಅನ್ನಲ್ಲ ತಾಯಿ. ಹೋದ ವರ್ಷ ಅಲ್ಲಿ ಇಬ್ಬರಿಗೆ ಮಲೇರಿಯಾ ಬಂದಿತ್ತು. ಮಾತ್ರೆ ನುಂಗಿದ್ರು, ಎದ್ದು ಓಡಾಡ್ತಿದ್ದಾರೆ. ಈ ವರ್ಷ ನಿಮ್ಮ ಬೀದೀಲೇ ನಾಲ್ಕು ಜನಕ್ಕೆ ಬಂತಲ್ಲ, ನೀವೇನು ಊರು ಬಿಟ್ರಾ?"

ತೀರ್ಥಪ್ಪ ತಲೆಯೆತ್ತಿದ. ಗಿಡ್ಡಪ್ಪ ಮಾತು ಮುಂದುವರಿಸಿದ.

"ನನಗೆ ಅಲ್ಲಿ ಭಯ ಆನೇದು. ಕೊನೇ ಬಸ್ಸು ದೊಡ್ಡ ರಸ್ತೇಲಿ ಇಳಿಸ್ಬಿಡ್ತದೆ, ಕತ್ತಲಲ್ಲಿ ಎರಡು ಮೈಲಿ ನಡೀಬೇಕು. ಮಧ್ಯಾಹ್ನದ ಬಸ್ಸು ಊರೊಳಕ್ಕೇ ಹೋಗ್ತದೆ, ಅದನ್ನೇ ಹತ್ತಲಿ. ಸೊಳ್ಳೆ ಪರದೆ ತಗೊಂಡು ಹೋಗಲಿ. ಜ್ವರ ಬಂದ್ರೆ ಅವತ್ತೇ ಪರೀಕ್ಷೆಗೆ ರಕ್ತ ಕೊಡಲಿ." ಆಮೇಲೆ ಸೋಮಶೇಖರಪ್ಪನ ಕಡೆ ತಿರುಗಿದ. "ಯಜಮಾನ್ರೇ, ನಿಮ್ಮಕ್ಕ ತೀರ್ಕೊಂಡಿದ್ದು ಯಾವ ವರ್ಷ?"

ಸೋಮಶೇಖರಪ್ಪ ತಡವರಿಸಿದ. "ಆಗ... ಇವನು ತೊಟ್ಟಿಲಲ್ಲಿದ್ದ," ಎಂದು ತೀರ್ಥಪ್ಪನತ್ತ ಕೈ ತೋರಿಸಿದ.

ತೀರ್ಥಪ್ಪನ ಮೀಸೆ ನರೆತಿತ್ತು.

ಯಾರೂ ನಗಲಿಲ್ಲ. "ಪರದೆ ನಾನೇ ತರ್ತೀನಿ, ಮಗಾ. ಮಧ್ಯಾಹ್ನದ ಬಸ್ಸಿಗೆ ಜೊತೇಲೇ ಬತ್ತೀನಿ," ಎಂದ ತೀರ್ಥಪ್ಪ, ಒಳಬಾಗಿಲಲ್ಲಿ ನಿಂತಿದ್ದ ಮಗಳಿಗೆ.

"ಏನಾದ್ರೂ ಮಾಡ್ಕೊಂಡು ಹಾಳಾಗಿ! ನಾಳೆ ಅಳ್ತಾ ನನ್ನ ಬಾಗಿಲಿಗೆ ಬರಬೇಡಿ." ಸೋಮಶೇಖರಪ್ಪ ಟವೆಲ್ ಕೊಡವಿ ಎದ್ದುಹೋದ. ಅವನ ಕಣ್ಣು ಒದ್ದೆಯಾಗಿದ್ದುದನ್ನು ಸಾವಿತ್ರಮ್ಮ ಕಂಡಳು. ಮಲ್ಲಿಕಾಂಬ ಆಮೇಲೆ ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದಳು, ಗಟ್ಟಿಮುಟ್ಟಾಗಿದ್ದಳು. ದೊಡ್ಡಪ್ಪ ಮಾತ್ರ ತಮ್ಮನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಅವನ ದುಃಖ ಸುಳ್ಳಲ್ಲ. ಅದರ ತಾರೀಕು ಹಳೆಯದು, ಅಷ್ಟೆ.

ಓದುವವರೇ, ಒಂದು ಊರಿನ ಕೆಟ್ಟ ಹೆಸರು ಕೇಳಿದೊಡನೆ ಕಟ್ಟಿದ ಗಂಟುಮೂಟೆ ಬಿಚ್ಚಬೇಡಿ. ಕಣ್ಣು ಮುಚ್ಚಿಕೊಂಡು ಹೊರಡಲೂ ಬೇಡಿ. ಈಚೆಗೆ ಅಲ್ಲಿದ್ದು ಬಂದವರನ್ನು ಹುಡುಕಿ. ಅಪಾಯ ಏನು, ಯಾವ ಹೊತ್ತಿನಲ್ಲಿ, ತಪ್ಪಿಸಿಕೊಳ್ಳುವುದು ಹೇಗೆ ಎಂದು ಬಾಯಿಬಿಟ್ಟು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ನಿಲ್ಲಿ, ಸಿಕ್ಕರೆ ಹೊರಡಿ. ನಿಮ್ಮ ಮನೆಯಲ್ಲೂ ಒಬ್ಬ ಸೋಮಶೇಖರಪ್ಪ ಇದ್ದರೆ, ಅವನು ಎದ್ದುಹೋಗುವ ಮೊದಲೇ ಪಕ್ಕದಲ್ಲಿ ಕೂತು ಕೇಳಿ: ಅದು ಯಾವ ವರ್ಷದ ಮಾತು?