ಬಲಗಡೆಯ ನೀರು

ಹಂಡೆಯ ನೀರಿಗೆ ಬೆರಳು ಅದ್ದಿದ ಸಫಿಯಾ ತಟ್ಟನೆ ಕೈ ಎಳೆದುಕೊಂಡಳು. ಬಿಸಿ ಹೆಚ್ಚಾಗಿತ್ತು. ಒಂದು ಚೆಂಬು ತಣ್ಣೀರು ಬೆರೆಸಿದಳು. ಈಗ ತಣ್ಣಗಾಯಿತೇನೋ ಎನ್ನಿಸಿ ಒಲೆಗೆ ಮತ್ತೊಂದು ಸೌದೆ ನೂಕಿದಳು. ಬೆಳಗಿನಿಂದ ಅವಳು ಮಾಡುತ್ತಿದ್ದುದು ಇದನ್ನೇ.

ಹಿತ್ತಿಲಿನಲ್ಲಿ ತೆಂಗಿನ ಮಡಲು ಕಟ್ಟಿ ಮರೆ ಮಾಡಿದ್ದರು. ಒಳಗೆ ಬೆಂಚಿನ ಮೇಲೆ ಅವಳ ಗಂಡನ ತಾಯಿ ಕುಂಞಿಪಾತುಮ್ಮನ ಮಯ್ಯತ್ತು, ಬಟ್ಟೆ ಹೊದೆಸಿದ ಶವ. ಕಡಬದ ಆಸುಪಾಸಿನಲ್ಲಿ ತೀರಿಹೋದ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸುತ್ತಿದ್ದವರು ಅವರು. ಇಂದು ಅವರಿಗೆ ಮಾಡಿಸುವವರು ಬೇಕಿತ್ತು. ಆ ಕೆಲಸ ಬಲ್ಲವರೆಂದರೆ ಹೊಳೆಯಾಚೆ ಇಚಿಲಂಪಾಡಿಯ ಆಸ್ಯಮ್ಮ ಒಬ್ಬರೇ. ಅವರನ್ನು ಕರೆತರಲು ಸಫಿಯಾಳ ಗಂಡ ಅಲಿ ಕುಂಞಿ ಬೆಳಕು ಹರಿಯುವ ಮೊದಲೇ ಹೋಗಿದ್ದ.

ಮರೆಯಾಚೆ ಗಂಡಸರ ಮಾತು ಏರುತ್ತಿತ್ತು.

“ಅಸರ್ ನಮಾಜಿನ ಹೊತ್ತಾಯ್ತು, ಸಂಜೆ ಬಂತು. ಎಷ್ಟು ಅಂತ ಕಾಯುದು ಮಾರಾಯ್ರೆ?” ಮಸೀದಿಯ ಹಿರಿಯ ಮೂಸಕುಂಞಿಯ ದನಿ. “ಕಬರಿನ ಗುಂಡಿಯಲ್ಲಿ ಒರತೆ ಏಳ್ತಾ ಉಂಟು. ಕತ್ತಲಾದರೆ ಬದಿ ಕುಸೀತದೆ, ಹೇಳ್ತೇನೆ.”

ಅಷ್ಟರಲ್ಲಿ ಅಲಿ ಕುಂಞಿ ಬಂದ. ಮೊಣಕಾಲಿನವರೆಗೆ ಕೆಸರು.

“ಹೊಳೆ ತುಂಬಿ ಬಂದಿದೆ, ದೋಣಿ ಕಟ್ಟಿ ಹಾಕಿದ್ದಾರೆ, ಮೂಸಾಕ. ಆಸ್ಯಮ್ಮ ಆಚೆ ದಡದಲ್ಲಿ ಕೊಡೆ ಹಿಡಿದು ನಿಂತದ್ದು ಕಾಣ್ತದೆ. ಕೂಗಿದ್ರೆ ಕೇಳುದಿಲ್ಲ.”

ಒಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸಫಿಯಾಳನ್ನು ನೋಡಿದರು.

“ನೀನು ಮಾಮಿಯ ಹಿಂದೆ ಚೆಂಬು ಹಿಡಿದು ಹೋಗ್ತಿದ್ದಿಯಲ್ಲ?” ನೆರೆಮನೆಯ ಮುದುಕಿ ನೆಬಿಸ ಕೇಳಿದಳು.

“ನೀರು ಹೊತ್ತದ್ದು, ಅಷ್ಟೆ.”

“ಹೊತ್ತವಳಿಗೆ ಹೊಯ್ಯಲಿಕ್ಕೆ ಎಂತ ದಾಡಿ?”

“ತಪ್ಪಿದ್ರೆ?”

ಸ್ನಾನ ತಪ್ಪಿದರೆ ಅದರ ಮೇಲಿನ ನಮಾಜೂ ಸಲ್ಲುವುದಿಲ್ಲ. ಮಣ್ಣು ಮುಚ್ಚಿದ ಮೇಲೆ ತಿದ್ದುವುದಕ್ಕೂ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

*

ಹಿಂದಿನ ವರ್ಷ ನೆಲ್ಯಾಡಿಯಲ್ಲಿ ತೀರಿಹೋದ ಒಬ್ಬಾಕೆಯ ಸ್ನಾನ. ಮೈಗೆ ನೀರು ಮೊದಲು ಬಲಗಡೆ ಬೀಳಬೇಕು. ಕಾಲಿನ ಬುಡದಲ್ಲಿ ನಿಂತಿದ್ದ ಸಫಿಯಾ ತನ್ನ ಬಲಗೈ ಇದ್ದ ಕಡೆಗೆ ಚೆಂಬು ಬಾಗಿಸಿದಳು. ಅದು ಮಲಗಿದವಳ ಎಡಗಡೆ. ಕುಂಞಿಪಾತುಮ್ಮ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು.

“ಇನ್ನು ನಾನು ಬರುದಿಲ್ಲ ಮಾಮಿ,” ಹಿಂದಿರುಗುವ ದಾರಿಯಲ್ಲಿ ಸಫಿಯಾ ಅಂದಳು.

“ಬಾರದೆ? ನಾನು ಸತ್ತ ದಿನ ನಾನೇ ಎದ್ದು ಮಿಂದು ಮಲಗುದಾ?”

ಸಫಿಯಾಗೆ ನಗು ಬರಲಿಲ್ಲ. ಕುಂಞಿಪಾತುಮ್ಮ ನಡಿಗೆ ನಿಧಾನ ಮಾಡಿದರು.

“ನನಗೆ ಯಾರೂ ಕಲಿಸಿದ್ದಲ್ಲ. ಅಲಿಯ ಬಾಪ ಜ್ವರದಲ್ಲಿ ಹೋಗಿ ಆಗಿತ್ತು. ಚಾಪೆ ಹೆಣೆದು ಮಕ್ಕಳನ್ನು ಸಾಕ್ತಿದ್ದೆ. ದೊಡ್ಡವಳು ಸಿಡುಬಿನಲ್ಲಿ ಹೋದಳು. ಮನೆಯ ಹತ್ತಿರ ಒಬ್ಬಳೂ ಬರಲಿಲ್ಲ. ಕೆಳಗೆ ನಾನು, ಮೇಲೆ ಅಲ್ಲಾಹು. ಬಲ ಯಾವುದು, ಎಡ ಯಾವುದು, ತಲೆಗೆ ಹೋಗುದಿಲ್ಲ. ಕಡೆಗೆ ಅವಳ ಪಕ್ಕ ನೆಲದಲ್ಲಿ ಮಲಗಿದೆ. ಮಲಗಿದಾಗ ಗೊತ್ತಾಯ್ತು. ನನ್ನ ಬಲ ಎಲ್ಲಿಯೋ, ಅವಳದ್ದೂ ಅಲ್ಲೇ.”

“ಅಷ್ಟು ಕಷ್ಟ ಕೊಟ್ಟವನನ್ನು ಮತ್ತೆ ನಂಬುದಾ ಮಾಮಿ?”

“ಕೊಟ್ಟವ ಬಿಟ್ಟು ಹೋಗಲಿಲ್ಲ ಹೆಣ್ಣೇ. ಮಲಗು ಅಂತ ಹೇಳಿದ್ದು ಮತ್ತೆ ಯಾರು?”

*

ಬೇಲಿಯ ಬಳಿ ಪ್ರೇಮಾವತಿ ನಿಂತಿದ್ದಳು. ಮೇಲಿನ ಮನೆಯವಳು. ಅಂಗೈಯಲ್ಲಿ ಕಾಗದದ ಪೊಟ್ಟಣ.

“ಕಡೆಯ ನೀರಿಗೆ ಕರ್ಪೂರ ಬೇಕಂತೆ. ದೇವರ ಕೋಣೆಯಿಂದ ತಂದೆ.” ಸಫಿಯಾಳ ಬೆರಳುಗಳನ್ನು ನೋಡಿ ಅವಳು ದನಿ ತಗ್ಗಿಸಿದಳು. “ಹೆದರಿಕೆಯಾ? ನಿಮ್ಮ ಮಾಮಿ ಹೇಳಿದ್ದುಂಟು ನನ್ನತ್ರ. ‘ನನಗೆ ಸಫಿಯಾ ಉಂಟು. ಕೈ ನಡುಗ್ತದೆ ಅವಳಿಗೆ. ನಡುಗುವವಳು ನೋಡಿ ನೋಡಿ ಹೊಯ್ತಾಳೆ’ ಅಂತ.”

“ಒಳಗೆ ಎಂತ ಆಗ್ತಾ ಉಂಟು?” ಮೂಸಕುಂಞಿ ಗದರಿದರು. “ನಾಳೆಗೆ ಇಡುದಾ?”

ಸಫಿಯಾ ಚೆಂಬು ಎತ್ತಿಕೊಂಡಳು. ಮಾಮಿಯ ಕಾಲಿನ ಬುಡದಲ್ಲಿ ನಿಂತಳು. ಬಲ, ಎಡ ಎರಡೂ ಮತ್ತೆ ಕಲಸಿಹೋದವು. ಅವಳು ಚೆಂಬನ್ನು ಕೆಳಗಿಟ್ಟು, ಬೆಂಚಿನ ಪಕ್ಕದ ಒದ್ದೆ ನೆಲದಲ್ಲಿ, ಮಾಮಿಯ ತಲೆಯಿದ್ದ ಕಡೆಗೇ ತಲೆಯಿಟ್ಟು, ಅಂಗಾತ ಮಲಗಿಬಿಟ್ಟಳು.

“ಯಾ ಅಲ್ಲಾ! ಇವಳಿಗೆ ಎಂತಾಯ್ತು!” ನೆಬಿಸ ಬಾಯಿಗೆ ಸೆರಗು ಒತ್ತಿಕೊಂಡಳು.

ಮಡಲಿನ ಸಂದಿಯಲ್ಲಿ ಬೂದಿ ಬಣ್ಣದ ಆಕಾಶ ಕಂಡಿತು. ಸಫಿಯಾ ಬಲಗೈಯನ್ನು ಮೆಲ್ಲಗೆ ಅಲುಗಿಸಿದಳು. ಮೇಲೆ, ಬೆಂಚಿನ ಅಂಚಿನಲ್ಲಿ, ಚಾಪೆ ಹೆಣೆದು ಜಡ್ಡುಗಟ್ಟಿದ ಬೆರಳುಗಳು ಅದೇ ಕಡೆಯಲ್ಲಿದ್ದವು.

ಎದ್ದಳು. ಬೆನ್ನಿಗೆ ಮೆತ್ತಿದ ಮಣ್ಣನ್ನೂ ಕೊಡವಲಿಲ್ಲ.

“ಬಿಸ್ಮಿಲ್ಲಾ.”

ಬೆಂಚಿನಿಂದ ಇಳಿದ ನೀರು ಮಡಲಿನ ಅಡಿಯಿಂದ ನುಸುಳಿ ಅಂಗಳದ ಇಳಿಜಾರಿಗೆ ಹರಿಯಿತು. ಸಂದಿಯಿಂದ ಸಫಿಯಾಗೆ ಗಂಡಸರ ಪಾದಗಳಷ್ಟೇ ಕಂಡವು. ಒಂದೊಂದಾಗಿ ಅವು ಹಿಂದೆ ಸರಿದು, ನೀರಿಗೆ ದಾರಿ ಬಿಟ್ಟವು.